ತಿದ್ದುವ ಶಸ್ತ್ರದ ಧರ್ಮ

ಮದ್ದೂರಿನ ಸಮೀಪದಲ್ಲಿ, ಶಿಂಷಾನದಿಯ ದಡದಲ್ಲಿರುವ ವೈದ್ಯನಾಥಪುರವು ಅಲ್ಲಿ ನೆಲಸಿರುವ ಈಶ್ವರನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮಳವಳ್ಳಿಯ ಸೀಮೆಯನ್ನು ದಾಟಿ ಕಾವೇರಿಯ ಕಡೆಗೆ ನಡೆದರೆ ತಲಕಾಡಿನಲ್ಲಿಯೂ ಅದೇ ಅರ್ಥದ ಹೆಸರುಳ್ಳ ವೈದ್ಯೇಶ್ವರನಿದ್ದಾನೆ. ತಲಕಾಡಿನ ಸ್ಥಳಪುರಾಣವು ಈ ಹೆಸರಿಗೆ ಕೊಡುವ ಕಾರಣವು ವಿಚಾರಾರ್ಹವಾದುದು. ತಲ, ಕಾಡ ಎಂಬ ಇಬ್ಬರು ಬೇಡರು, ಕಾಡಾನೆಗಳು ಒಂದು ಬೂರುಗದ ಮರವನ್ನು ಪೂಜಿಸುವುದನ್ನು ಕಂಡು, ಅದರೊಳಗೆ ಏನಿದೆಯೋ ನೋಡಬೇಕೆಂಬ ಕುತೂಹಲದಿಂದ ಕೊಡಲಿಯನ್ನು ಹಾಕಿದರಂತೆ. ಮರದಿಂದ ರಕ್ತವು ಚಿಮ್ಮಿತು. ಆ ಮರದ ಎಲೆಕಾಯಿಗಳನ್ನೇ ಗಾಯಕ್ಕೆ ಕಟ್ಟಬೇಕೆಂದು ಅಶರೀರವಾಣಿಯಾಯಿತು, ಅವರು ಕಟ್ಟಿದರು, ಗಾಯವು ವಾಸಿಯಾಯಿತು, ಬೇಡರು ಸದ್ಗತಿಯನ್ನು ಪಡೆದರು. ತನ್ನ ಗಾಯಕ್ಕೆ ತಾನೇ ಮದ್ದನ್ನು ಹೇಳಿದ ಕಾರಣ ದೇವರು ವೈದ್ಯೇಶ್ವರನೆನಿಸಿದನು. ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗಾಯಮಾಡಿದ ಕೈಗಳೇ ಗಾಯವನ್ನು ಕಟ್ಟಿದುವು. ಹೊಡೆದವರಿಗೆ ಕಟ್ಟುವ ಅಧಿಕಾರವಿಲ್ಲವೆಂದು ಅಶರೀರವಾಣಿಯು ಹೇಳಲಿಲ್ಲ.

ಮನುಷ್ಯನು ತಾನೇ ಬಯಸಿ ಮಾಡಿಸಿಕೊಂಡ ಕಾರ್ಯದಿಂದ ತನ್ನ ದೇಹಕ್ಕೆ ಕೇಡನ್ನು ತಂದುಕೊಂಡರೆ, ಅದನ್ನು ತಿದ್ದಿಸಿಕೊಳ್ಳುವ ಅಧಿಕಾರವು ಅವನಿಗೆ ಉಂಟೆ, ತಿದ್ದುವ ಹೊಣೆಯು ಇತರರಿಗೆ ಉಂಟೆ ಎಂಬುದು ಹಳೆಯ ಪ್ರಶ್ನೆ. ಈ ಕಾಲದಲ್ಲಿ ಅದು ಒಂದು ಹೊಸ ರೂಪದಲ್ಲಿ ಎದ್ದು ನಿಂತಿದೆ. ರೂಪಾತಿಶಯಕ್ಕಾಗಿ ಸ್ತನವರ್ಧನದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡ ಸ್ತ್ರೀಯರಲ್ಲಿ ಕೆಲವರು ಕೆಲವು ವರ್ಷಗಳಾದ ಮೇಲೆ ನೋವು, ಗಡಸುತನ, ವಿಕಾರ ಇವುಗಳಿಂದ ಪೀಡಿತರಾಗಿ ಎರಡನೆಯ ಸಲ ಶಸ್ತ್ರವೈದ್ಯನ ಬಳಿಗೆ ಹೋಗಬೇಕಾಗುತ್ತದೆ. ವಿಷಯವು ಸಂಕೋಚವನ್ನುಂಟುಮಾಡತಕ್ಕದ್ದೆಂದು ವಿದ್ಯಾವಂತರ ಮನೆಗಳಲ್ಲಿ ಇದನ್ನು ಮಾತನಾಡುವುದಿಲ್ಲ. ಆದರೆ ಮಾತನಾಡದೆ ಬಿಟ್ಟ ವಿಷಯಗಳಲ್ಲಿಯೇ ನಿಂದೆಯು ಬೇಗನೆ ಬೇರೂರುವುದು.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಅದು ಮೂರು ವಿಧವಾಗಿದೆ. ಮೊದಲನೆಯದು, “ಮಾಡಿದ್ದುಣ್ಣೋ ಮಹಾರಾಯ” ಎಂಬ ಗಾದೆ: ಆರೋಗ್ಯವಾಗಿದ್ದ ಅಂಗವನ್ನು ಕೊಯ್ಯಿಸಿಕೊಂಡವರು ಅದರ ಫಲವನ್ನು ಅನುಭವಿಸಬೇಕು, ಕೆಸರನ್ನು ತುಳಿದು ಕಾಲು ತೊಳೆಯುವುದಕ್ಕಿಂತ ತುಳಿಯದಿರುವುದೇ ಮೇಲು. ಎರಡನೆಯದು, ವೈದ್ಯರ ಕಾಲವೂ ವಿದ್ಯೆಯೂ ನಿಜವಾದ ರೋಗಿಗಳಿಗೆ ಸಲ್ಲತಕ್ಕವು. ಅಲಂಕಾರದ ತೊಂದರೆಗೆ ಅವುಗಳನ್ನು ವ್ಯಯಮಾಡುವುದು ಅನ್ಯಾಯ. ಮೂರನೆಯದು, ತಿದ್ದುವ ಶಸ್ತ್ರವೆಂಬುದು ಹಳೆಯ ಆಸೆಗೆ ಹೊಸ ಹೆಸರು. ಬೆಂಕಿಗೆ ತುಪ್ಪವನ್ನು ಸುರಿದಂತೆ ಅದು ಆಸೆಯನ್ನು ಬೆಳೆಸುವುದೇ ಹೊರತು ಆರಿಸುವುದಿಲ್ಲ. ಈ ಮೂರರಲ್ಲಿಯೂ ಸ್ವಲ್ಪ ಸತ್ಯಾಂಶವಿದೆ. ಆದಕಾರಣವೇ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿದೆ.

ಪರೀಕ್ಷೆಗೆ ಮೊದಲು ಪ್ರಾಚೀನರ ಕಡೆಗೆ ನೋಡುವುದು ಯುಕ್ತ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 16ನೆಯ ಅಧ್ಯಾಯವು ಕಿವಿಯನ್ನು ಚುಚ್ಚುವ ಮತ್ತು ಕೂಡಿಸುವ ವಿಧಿಯನ್ನು ಹೇಳುತ್ತದೆ. ಮಗುವಿನ ಕಿವಿಯನ್ನು ಚುಚ್ಚುವುದಕ್ಕೆ ರಕ್ಷೆ, ಭೂಷಣ ಎಂಬ ಎರಡು ಪ್ರಯೋಜನಗಳನ್ನು ಆಚಾರ್ಯನು ಕೊಡುತ್ತಾನೆ. ಭೂಷಣವನ್ನು ಹೇಳಲು ಅವನು ನಾಚಿಕೊಳ್ಳುವುದಿಲ್ಲ. ಆಮೇಲೆ ಕೇಡುಗಳನ್ನು ಎಣಿಸುತ್ತಾನೆ. ಸೂಜಿಯು ಸರಿಯಿಲ್ಲದಿದ್ದರೆ, ರಂಧ್ರದಲ್ಲಿಟ್ಟ ಬತ್ತಿಯು ಅತಿ ದಪ್ಪವಾಗಿದ್ದರೆ, ಚುಚ್ಚಬಾರದ ಕಡೆಯಲ್ಲಿ ಚುಚ್ಚಿದರೆ, ಬಾವು, ನೋವು, ಜ್ವರಗಳುಂಟಾಗುವುವು. ಆಗ ಏನು ಮಾಡತಕ್ಕದ್ದು? ಬತ್ತಿಯನ್ನು ಬೇಗನೆ ತೆಗೆಯಬೇಕು. ಜ್ಯೇಷ್ಠಮಧು, ಹರಳಿನ ಬೇರು, ಮಂಜಿಷ್ಠ, ಜವೆ, ಎಳ್ಳು ಇವುಗಳನ್ನು ಅರೆದು ಜೇನನ್ನೂ ತುಪ್ಪವನ್ನೂ ಕೂಡಿಸಿ ಲೇಪಿಸಬೇಕು. ಚೆನ್ನಾಗಿ ವಾಸಿಯಾದ ಮೇಲೆ ಪುನಃ ಚುಚ್ಚಬಹುದು. ಹಾಲೆಯು ಹರಿದುಹೋದರೆ ಅದನ್ನು ಕೂಡಿಸಲು 15 ಬಗೆಯ ಬಂಧಗಳನ್ನು ಹೇಳಿದ್ದಾನೆ. ಹಾಲೆಯೇ ಇಲ್ಲದವನಿಗೆ ಕೆನ್ನೆಯ ಚರ್ಮದಿಂದ ಹೊಸ ಹಾಲೆಯನ್ನು ಮಾಡುವ ಉಪಾಯವನ್ನೂ ತಿಳಿಸಿದ್ದಾನೆ. ಭೂಷಣಕ್ಕಾಗಿ ಶರೀರದಲ್ಲಿಟ್ಟ ವಸ್ತುವು ಕೇಡುಮಾಡಿದರೆ ಅದನ್ನು ತೆಗೆಯುವುದು, ಗಾಯವು ಆರುವವರೆಗೆ ಕಾಯುವುದು, ಆಮೇಲೆ ಮುಂದಿನದನ್ನು ಯೋಚಿಸುವುದು ಎಂಬ ಈ ಕ್ರಮವು ಇಂದಿನ ಶಸ್ತ್ರವೈದ್ಯರ ಕ್ರಮಕ್ಕೆ ಎಷ್ಟು ಸಮೀಪವಾಗಿದೆಯೆಂಬುದು ಮುಂದೆ ಗೊತ್ತಾಗುವುದು.

ಅದೇ ಅಧ್ಯಾಯದ ಕೊನೆಯಲ್ಲಿ ಕೊಯ್ದ ಮೂಗನ್ನು ಹೊಸದಾಗಿ ಮಾಡುವ ವಿಧಿಯಿದೆ. ಮೂಗಿನ ಅಳತೆಯ ಎಲೆಯನ್ನು ಕತ್ತರಿಸಿ, ಆ ಪ್ರಮಾಣದಲ್ಲಿ ಕೆನ್ನೆಯ ಚರ್ಮವನ್ನು, ಒಂದು ಕಡೆ ಅಂಟಿಕೊಂಡಿರುವಂತೆಯೇ, ಎತ್ತಿ ಕೂಡಿಸತಕ್ಕದ್ದು. ಈ ವಿದ್ಯೆಯು ಬೇರೆ ರೂಪದಲ್ಲಿ ಉಳಿದುಬಂದುದಕ್ಕೆ ಈ ಸೀಮೆಗೇ ಸಂಬಂಧಪಟ್ಟ ನಿದರ್ಶನವುಂಟು. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ವೈದ್ಯನು ಲಂಡನ್ನಿನಲ್ಲಿ ಅದೇ ವಿಧಾನವನ್ನು ನಡೆಸಿದನು. ಸುರೂಪ ಶಸ್ತ್ರಚಿಕಿತ್ಸೆಯು ಪಶ್ಚಿಮದೇಶಗಳಲ್ಲಿ ಹೊಸದಾಗಿ ಬೆಳೆಯಲು ಇದೂ ಒಂದು ಕಾರಣವಾಯಿತು.

ಕಾವಸ್‌ಜಿಯ ಕಥೆಯನ್ನು ಕೇಳಿದವರೆಲ್ಲರೂ ಮರುಗುವರು. ಅವನ ಮೂಗನ್ನು ಕೊಯ್ದವರು ಬೇರೆಯವರು. ಭಾರವಾದ ಓಲೆಯಿಂದ ಹಾಲೆ ಹರಿದುಕೊಂಡವಳಿಗೆ ಅಷ್ಟು ಮರುಕ ಸಿಕ್ಕುವುದಿಲ್ಲ. ಓಲೆಯನ್ನು ಇಟ್ಟುಕೊಂಡವಳು ಅವಳೇ. ಆದರೆ ಸುಶ್ರುತನು ಈ ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದ್ದಾನೆ. ಶತ್ರುವು ಕೊಯ್ದ ಮೂಗಿಗೆ ಒಂದು ಶಾಸ್ತ್ರ, ಸ್ವಂತ ಆಸೆಯಿಂದ ಹರಿದ ಕಿವಿಗೆ ಇನ್ನೊಂದು ಶಾಸ್ತ್ರ ಎಂದು ಅವನು ವಿಂಗಡಿಸಲಿಲ್ಲ. ಗಾಯದ ಸ್ವರೂಪವನ್ನು ನೋಡಿ ಬಂಧವನ್ನು ಹೇಳಿದನೇ ಹೊರತು ಗಾಯಗೊಂಡವರ ಯೋಗ್ಯತೆಯನ್ನು ನೋಡಿ ಹೇಳಲಿಲ್ಲ. ಓಲೆ, ಬುಗುಡಿಗಳ ಭಾರದಿಂದ ಹಾಲೆ ಹರಿದ ಮುದುಕಿಯರು ಇಂದಿಗೂ ವೈದ್ಯರಲ್ಲಿಗೆ ಹೋಗಿ ಹೊಲಿಸಿಕೊಳ್ಳುತ್ತಾರೆ. ಅವರನ್ನು ಯಾರೂ ಹೀಗಳೆಯುವುದಿಲ್ಲ. ಕಿವಿಗೆ ಸಲ್ಲುವ ದಾಕ್ಷಿಣ್ಯವು ಎದೆಗೆ ಏಕೆ ಸಲ್ಲಬಾರದು? ಭೇದವು ಶಾಸ್ತ್ರದಲ್ಲಿಲ್ಲ, ನೋಡುವವರ ಮನಸ್ಸಿನಲ್ಲಿದೆ.

ಇನ್ನು ಪ್ರಕೃತ ವಿಷಯದ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. 1895ರಲ್ಲಿ ಹೈಡಲ್‌ಬರ್ಗಿನ ಚೆರ್ನಿ ಎಂಬ ಶಸ್ತ್ರವೈದ್ಯನು, ಗಂಟನ್ನು ತೆಗೆದುದರಿಂದ ಕುಂದಿದ ಸ್ತನವನ್ನು ಅದೇ ರೋಗಿಯ ಬೆನ್ನಿನಲ್ಲಿದ್ದ ಕೊಬ್ಬಿನ ಗೆಡ್ಡೆಯಿಂದ ತುಂಬಿದ್ದನು. ತರುವಾಯ ಪ್ಯಾರಫಿನ್ ಮೇಣವನ್ನು ಚುಚ್ಚಿ ತುಂಬುವ ಪದ್ಧತಿಯು ಬಂದು, ಗಂಟುಗಳನ್ನೂ ಹುಣ್ಣುಗಳನ್ನೂ ಉಂಟುಮಾಡಿ ಅಪಕೀರ್ತಿಗೊಳಗಾಯಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಕ್ರೋನಿನ್, ಜೆರೋ ಎಂಬ ವೈದ್ಯರು ಸಿಲಿಕೋನ್ ಚೀಲವನ್ನು ಮೊಟ್ಟಮೊದಲು ಟಿಮ್ಮಿ ಜೀನ್ ಲಿಂಡ್ಸೆ ಎಂಬ ಸ್ತ್ರೀಯಲ್ಲಿ ಇಟ್ಟರು. ಆಕೆಯು ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆಯನ್ನು ತೆಗೆಸಿಕೊಳ್ಳುವುದಕ್ಕೆ. ಹೊಸ ಸಾಧನವನ್ನು ಪರೀಕ್ಷಿಸಲು ಒಪ್ಪುವೆಯಾ ಎಂದು ಕೇಳಿದವರು ವೈದ್ಯರು. ಆಕೆಯು ಬಯಸಿದ್ದು ಮುಂದಕ್ಕೆ ಚಾಚಿದ್ದ ತನ್ನ ಕಿವಿಗಳನ್ನು ಸರಿಪಡಿಸಿಕೊಳ್ಳುವುದನ್ನು. ಅದನ್ನೂ ಮಾಡಿಕೊಡುವುದಾದರೆ ಆಗಲಿ ಎಂದು ಒಪ್ಪಿದಳು.

ಈ ಸಣ್ಣ ಸಂಗತಿಯು ಮೊದಲನೆಯ ಆಕ್ಷೇಪವನ್ನು ಸಡಿಲಿಸುತ್ತದೆ. ಮಾಡಿದವರು ಉಣ್ಣಬೇಕೆಂಬ ಗಾದೆಯು ಸತ್ಯವಾಗಬೇಕಾದರೆ ಮಾಡಿದವರು ಯಾರೆಂಬುದು ನಿಶ್ಚಯವಾಗಬೇಕು. ಆಸೆಯು ಹುಟ್ಟುವಾಗ ಅದಕ್ಕೆ ಅನೇಕರು ತಾಯಿತಂದೆಗಳಾಗಿರುತ್ತಾರೆ. ಚಿತ್ರಪಟದಲ್ಲಿ ತೋರಿಸಿದವನು, ಜಾಹೀರಾತು ಹಾಕಿದವನು, ಹೆಣ್ಣು ನೋಡಲು ಬಂದು ರೂಪವನ್ನು ತೂಗಿದವರು, ನೆಂಟರಿಷ್ಟರ ನಡುವೆ ಹಾಸ್ಯವಾಡಿದವರು, ಎಲ್ಲರೂ ಒಂದೊಂದು ಹಿಡಿ ಮಣ್ಣನ್ನು ಹಾಕಿ ಕಟ್ಟಿದ ಗೋಡೆ ಅದು. ಕುಸಿದಾಗ ಕೆಳಗೆ ಸಿಕ್ಕವಳು ಮಾತ್ರ ಒಬ್ಬಳು.

ಮೋಸವೇ ನಡೆದ ಸಂದರ್ಭಗಳೂ ಉಂಟು. ಫ್ರಾನ್ಸ್ ದೇಶದ ಪಿ. ಐ. ಪಿ. ಎಂಬ ಕಂಪನಿಯು ದೇಹದಲ್ಲಿಡತಕ್ಕ ಚೀಲಗಳಿಗೆ ವೈದ್ಯಕೀಯಕ್ಕೆ ಒಪ್ಪಿಗೆಯಿಲ್ಲದ, ಕಾರ್ಖಾನೆಯ ದರ್ಜೆಯ ಸಿಲಿಕೋನನ್ನು ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಫ್ರಾನ್ಸ್ ಒಂದರಲ್ಲಿಯೇ ಸುಮಾರು 30,000 ಸ್ತ್ರೀಯರಿಗೆ ಅವುಗಳನ್ನು ತೆಗೆಸಿಕೊಳ್ಳುವುದು ಲೇಸೆಂದು 2011ರ ಡಿಸೆಂಬರಿನಲ್ಲಿ ಸರ್ಕಾರವು ಸಲಹೆ ಕೊಟ್ಟಿತು. 2013ರಲ್ಲಿ ಕಂಪನಿಯ ಸ್ಥಾಪಕನಿಗೆ ನಾಲ್ಕು ವರ್ಷಗಳ ಸೆರೆಮನೆ ವಾಸವು ವಿಧಿಸಲ್ಪಟ್ಟಿತು. ಆ ಸ್ತ್ರೀಯರೊಳಗೆ ಅಲಂಕಾರಕ್ಕಾಗಿ ಇಡಿಸಿಕೊಂಡವರಿದ್ದರು. ಅರ್ಬುದರೋಗದಿಂದ ಸ್ತನವನ್ನು ಕಳೆದುಕೊಂಡು ಇಡಿಸಿಕೊಂಡವರೂ ಇದ್ದರು. ಇವರಲ್ಲಿ ಯಾರಿಗೆ ಮರುಕ, ಯಾರಿಗೆ ಗಾದೆ? ಒಂದೇ ಚೀಲ, ಒಂದೇ ಮೋಸ, ಒಂದೇ ಭಯ.

ಮೋಸವಿಲ್ಲದ ಕಡೆಯಲ್ಲಿಯೂ ದೇಹವು ತನ್ನ ಧರ್ಮವನ್ನು ಬಿಡುವುದಿಲ್ಲ. ಕಾಲಿನಲ್ಲಿ ಮುರಿದು ಉಳಿದ ಮುಳ್ಳಿನ ಸುತ್ತಲೂ ಗಂಟು ಕಟ್ಟುವಂತೆ, ಒಳಗಿಟ್ಟ ಚೀಲದ ಸುತ್ತಲೂ ದೇಹವು ನಾರಿನ ಪೊರೆಯೊಂದನ್ನು ಕಟ್ಟುತ್ತದೆ. ಹೆಚ್ಚಿನವರಲ್ಲಿ ಅದು ತೆಳುವಾಗಿಯೇ ಉಳಿಯುವುದು. ಕೆಲವರಲ್ಲಿ ಪೊರೆಯು ಬಿಗಿದು ಕುಗ್ಗುವುದು. ಈ ಬಿಗಿತವನ್ನು ವೈದ್ಯರು ನಾಲ್ಕು ಮೆಟ್ಟಿಲುಗಳಾಗಿ ಎಣಿಸುತ್ತಾರೆ: ಮೊದಲನೆಯದರಲ್ಲಿ ಸ್ತನವು ಸಹಜವಾಗಿ ಮೃದುವಾಗಿರುವುದು, ಎರಡನೆಯದರಲ್ಲಿ ಸ್ವಲ್ಪ ಗಟ್ಟಿ, ಮೂರನೆಯದರಲ್ಲಿ ಆಕಾರವು ಕೆಡುವುದು, ನಾಲ್ಕನೆಯದರಲ್ಲಿ ಕಲ್ಲಿನಂತಾಗಿ ನೋಯುವುದು. ಚೀಲವು ಒಡೆಯಬಹುದು, ಸ್ಥಳ ಬಿಟ್ಟು ಸರಿಯಬಹುದು, ಸೋಂಕು ತಗಲಬಹುದು. ಒರಟು ಮೇಲ್ಮೈಯ ಕೆಲವು ಚೀಲಗಳ ಸುತ್ತಲೂ ಅಪರೂಪವಾಗಿ ಒಂದು ಬಗೆಯ ಅರ್ಬುದವು ಹುಟ್ಟುವುದೆಂದು ತಿಳಿದ ಮೇಲೆ, 2019ರಲ್ಲಿ ಅಂಥವುಗಳನ್ನು ಲೋಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಈ ಚೀಲಗಳು ಆಯುಷ್ಯವಿಡೀ ಇರತಕ್ಕ ವಸ್ತುಗಳಲ್ಲವೆಂಬ ಎಚ್ಚರಿಕೆಯನ್ನು ರೋಗಿಗೆ ಮುಂದಾಗಿಯೇ ತಿಳಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು 2021ರಲ್ಲಿ ವಿಧಿಸಿದರು. ಎಂದಮೇಲೆ ಎರಡನೆಯ ಶಸ್ತ್ರವೆಂಬುದು ಅನೇಕರ ಪಾಲಿಗೆ ಮೊದಲನೆಯದರೊಂದಿಗೇ ಬರೆದಿಟ್ಟ ಸಾಲ. ಸಾಲವುಂಟೆಂದು ಹೇಳದೆ ಸಹಿ ಹಾಕಿಸಿಕೊಂಡವನು ತಪ್ಪಿತಸ್ಥನೋ, ಓದಲು ಬಾರದೆ ಸಹಿ ಹಾಕಿದವಳು ತಪ್ಪಿತಸ್ಥಳೋ?

ಎರಡನೆಯ ಆಕ್ಷೇಪಕ್ಕೆ ಚರಕಸಂಹಿತೆಯು ಉತ್ತರವನ್ನು ಒದಗಿಸುತ್ತದೆ. ರೋಗಗಳಿಗೆ ಮುಖ್ಯ ಕಾರಣಗಳಲ್ಲಿ ಒಂದು ಪ್ರಜ್ಞಾಪರಾಧ ಎಂದು ಅದು ಹೇಳುತ್ತದೆ. ಧೀ, ಧೃತಿ, ಸ್ಮೃತಿ, ಅಂದರೆ ತಿಳಿವು, ತಡೆದುಕೊಳ್ಳುವ ಶಕ್ತಿ, ನೆನಪು ಇವು ಜಾರಿದಾಗ ಮನುಷ್ಯನು ಮಾಡುವ ತಪ್ಪೇ ಪ್ರಜ್ಞಾಪರಾಧ. ಅತಿಯಾಗಿ ಉಂಡವನು, ನಿದ್ದೆಗೆಟ್ಟವನು, ಬರುವ ಕೋಪವನ್ನು ತಡೆಯದವನು, ಎಲ್ಲರೂ ಈ ಸಾಲಿನವರೇ. ಹಾಗೆಂದು ಅವರಿಗೆ ಚಿಕಿತ್ಸೆಯಿಲ್ಲವೆಂದು ಆಚಾರ್ಯರು ಹೇಳಿದರೆ? ಇಲ್ಲ. ಆರ್ತರಲ್ಲಿ ಕಾರುಣ್ಯವನ್ನು ವೈದ್ಯವೃತ್ತಿಯ ಅಂಗವನ್ನಾಗಿಯೇ ಎಣಿಸಿದರು. ಹೊಗೆಸೊಪ್ಪನ್ನು ಅಗಿದು ಬಾಯಿಯ ಅರ್ಬುದವನ್ನು ತಂದುಕೊಂಡವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಬಾಗಿಲು ಮುಚ್ಚಿಲ್ಲ. ತಮ್ಮ ತಪ್ಪಿಲ್ಲದೆ ರೋಗಿಗಳಾದವರಿಗೆ ಮಾತ್ರ ಮದ್ದು ಎಂದು ನಿಯಮಮಾಡಿದರೆ ಆಸ್ಪತ್ರೆಗಳಲ್ಲಿ ಅರ್ಧಕ್ಕರ್ಧ ಹಾಸಿಗೆಗಳು ಬರಿದಾಗುವುವು. ನಿಯಮಮಾಡಿದವರಿಗೂ ಒಂದು ದಿನ ಹಾಸಿಗೆ ದೊರೆಯದು. ಚಿಕಿತ್ಸೆಯಲ್ಲಿ ಹಿಂದುಮುಂದು ಉಂಟು. ಅದನ್ನು ನಿರ್ಣಯಿಸತಕ್ಕದ್ದು ರೋಗದ ತೀವ್ರತೆಯೇ ಹೊರತು ರೋಗಿಯ ಪುಣ್ಯಪಾಪಗಳ ಲೆಕ್ಕವಲ್ಲ.

ಮೂರನೆಯ ಆಕ್ಷೇಪವು ಹೆಚ್ಚು ಬಲವಾದುದು. ತಿದ್ದಿಸಿಕೊಳ್ಳುವುದೂ ಆಸೆಯ ಮುಂದುವರಿಕೆಯೇ ಆಗಿಬಿಡಬಹುದು. ಎರಡರ ಮೇಲೆ ಮೂರು, ಮೂರರ ಮೇಲೆ ನಾಲ್ಕು ಎಂದು ಶಸ್ತ್ರಗಳ ಸರಪಳಿಯು ಬೆಳೆದ ಸಂದರ್ಭಗಳು ಉಂಟು. ಇದಕ್ಕೆ ಪರಿಹಾರವು ಬಾಗಿಲನ್ನು ಮುಚ್ಚುವುದಲ್ಲ. ಚರಕನು ಹೇಳಿದ ಯಾವ ಮೂರು ಶಕ್ತಿಗಳು ಜಾರಿದುದರಿಂದ ಕೇಡಾಯಿತೋ, ಆ ಮೂರನ್ನೇ ಎರಡನೆಯ ಶಸ್ತ್ರಕ್ಕೆ ಮೊದಲು ಪುನಃ ಸ್ಥಾಪಿಸಿಕೊಳ್ಳುವುದು.

ಧೀ ಎಂದರೆ ತಿಳಿವು. ಈಗಿರುವ ಕೇಡು ಯಾವುದು, ಪೊರೆಯ ಬಿಗಿತವೇ, ಚೀಲದ ಒಡಕೇ, ಸೋಂಕೇ, ಅಥವಾ ಮನಸ್ಸಿಗೆ ಒಗ್ಗದ ಆಕಾರವೇ ಎಂಬುದನ್ನು ಪರೀಕ್ಷೆಗಳಿಂದ ನಿರ್ಧರಿಸಬೇಕು. ದಾರಿಗಳು ಅನೇಕ: ಚೀಲವನ್ನು ತೆಗೆದು ಹಾಗೆಯೇ ಬಿಡುವುದು, ಪೊರೆಯನ್ನೂ ತೆಗೆದು ಬೇರೆ ಚೀಲವನ್ನಿಡುವುದು, ಚೀಲವನ್ನು ಮಾಂಸಖಂಡದ ಕೆಳಗಿನ ಬೇರೆ ಪದರಕ್ಕೆ ಬದಲಾಯಿಸುವುದು, ತೆಗೆದ ಮೇಲೆ ಸಡಿಲವಾದ ಚರ್ಮವನ್ನು ಎತ್ತಿ ಹೊಲಿಯುವುದು, ಸ್ವಂತ ಕೊಬ್ಬಿನಿಂದ ಸ್ವಲ್ಪ ತುಂಬುವುದು. ಪ್ರತಿಯೊಂದಕ್ಕೂ ಲಾಭವುಂಟು, ನಷ್ಟವುಂಟು. ಯಾವ ದಾರಿಯಲ್ಲಿಯೂ ಹಳೆಯ ದೇಹವು ಹಳೆಯದಾಗಿಯೇ ಹಿಂದಿರುಗಿ ಬರುವುದಿಲ್ಲ. ಕಲೆಯು ಉಳಿಯುವುದು, ಸ್ಪರ್ಶಜ್ಞಾನವು ಬದಲಾಗಬಹುದು. ಈ ಮಾತನ್ನು ಮರೆಮಾಚುವ ವೈದ್ಯನು ಎರಡನೆಯ ಸಲ ವಂಚಿಸಿದಂತಾಗುವುದು.

ಧೃತಿ ಎಂದರೆ ತಡೆ. ಸೋಂಕು, ರಕ್ತಸ್ರಾವಗಳಲ್ಲಿ ತಡಮಾಡಬಾರದು. ಆದರೆ ಆಕಾರವನ್ನು ಮಾತ್ರ ತಿದ್ದಬೇಕಾದಾಗ ದೇಹವು ಶಾಂತವಾಗುವವರೆಗೆ ಅನೇಕ ತಿಂಗಳು ಕಾಯುವುದು ಶಸ್ತ್ರವೈದ್ಯರ ವಾಡಿಕೆ. 2019ರಲ್ಲಿ ಒರಟು ಚೀಲಗಳನ್ನು ಹಿಂದಕ್ಕೆ ಪಡೆದಾಗಲೂ, ಯಾವ ಲಕ್ಷಣವೂ ಇಲ್ಲದವರು ಭಯದಿಂದ ಅವುಗಳನ್ನು ತೆಗೆಸಿಕೊಳ್ಳಬೇಕಾಗಿಲ್ಲವೆಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಭಯವೂ ಆಸೆಯಂತೆಯೇ ಆತುರದ್ದು. ಎರಡನ್ನೂ ತಡೆಯುವುದು ಧೃತಿ.

ಸ್ಮೃತಿ ಎಂದರೆ ನೆನಪು. ಮೊದಲನೆಯ ಶಸ್ತ್ರದಲ್ಲಿ ಯಾವ ಚೀಲವನ್ನು, ಎಷ್ಟು ಅಳತೆಯದನ್ನು, ಯಾವ ಪದರದಲ್ಲಿ ಇಟ್ಟರೆಂಬ ಕಾಗದಪತ್ರಗಳನ್ನು ಜೋಪಾನವಾಗಿಟ್ಟಿರುವುದು ಲೌಕಿಕವಾದ ಸ್ಮೃತಿ. ಎರಡನೆಯ ವೈದ್ಯನಿಗೆ ಅದರಷ್ಟು ಉಪಕಾರಿಯಾದುದು ಕೆಲವೇ ಉಂಟು. ಅದಕ್ಕಿಂತ ಒಳಗಿನ ಸ್ಮೃತಿಯೊಂದಿದೆ. ಮೊದಲು ಏನನ್ನು ಬಯಸಿದ್ದೆ, ಯಾರ ಕಣ್ಣಿಗಾಗಿ ಬಯಸಿದ್ದೆ, ಬಯಸಿದ್ದು ಸಿಕ್ಕಿತೆ ಎಂದು ಕೇಳಿಕೊಳ್ಳುವುದು. ಈ ಪ್ರಶ್ನೆಯನ್ನು ಕೇಳುವ ಅಧಿಕಾರವು ಆಕೆಗೆ ಮಾತ್ರ ಉಂಟು. ಇತರರು ಕೇಳಿದರೆ ಅದು ವಿಚಾರಣೆಯಾಗುವುದು. ಕೇಳಿಕೊಂಡ ಮೇಲೆ ಒಬ್ಬಳು ಚೀಲವನ್ನು ತೆಗೆಸಿ ಸುಮ್ಮನಾಗಬಹುದು, ಇನ್ನೊಬ್ಬಳು ಬೇರೊಂದನ್ನು ಇಡಿಸಿಕೊಳ್ಳಬಹುದು. ನಿರ್ಣಯವು ಸ್ವಂತದ್ದಾಗಿದ್ದರೆ ಎರಡೂ ದೋಷವಲ್ಲ. ಮೊದಲನೆಯ ಶಸ್ತ್ರವನ್ನು “ಹೇಗೆ ಕಾಣುವೆನು” ಎಂದು ಕೇಳಿದ್ದಾಯಿತು. ಎರಡನೆಯದನ್ನು “ಹೇಗೆ ಬಾಳುವೆನು” ಎಂದು ಕೇಳಿದರೆ ಸರಪಳಿಯು ಅಲ್ಲಿಗೆ ತುಂಡಾಗುವುದು.

ಇಷ್ಟರಲ್ಲಿ ಮನೆಯವರ ಪಾಲೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬಳು ಕೊಬ್ಬನ್ನು ತೆಗೆಸುವ ಶಸ್ತ್ರಚಿಕಿತ್ಸೆಯಾದ ಮೇಲೆ ಮೃತಳಾದಳು. ತಂದೆತಾಯಿಗಳಿಗೆ ತಿಳಿಸದೆ ಹೋಗಿದ್ದಳೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಆ ಒಂದು ಮನೆಯ ದುಃಖವನ್ನು ಹೊರಗಿನವರು ಅಳೆಯಬಾರದು. ಆದರೆ ಸಾಮಾನ್ಯವಾಗಿ ಹೇಳಬಹುದಾದದ್ದು ಇಷ್ಟು: ಎಲ್ಲಿ ನಿಂದೆಯ ಭಯವಿದೆಯೋ ಅಲ್ಲಿ ಗುಟ್ಟು ಹುಟ್ಟುತ್ತದೆ, ಗುಟ್ಟಿನಲ್ಲಿ ಹೋದವರು ಒಳ್ಳೆಯ ವೈದ್ಯನನ್ನು ಹುಡುಕಲಾರರು, ಎರಡನೆಯ ಅಭಿಪ್ರಾಯವನ್ನು ಕೇಳಲಾರರು, ಕೇಡಾದಾಗ ಬೇಗನೆ ಹೇಳಲಾರರು. ಎದೆಯೊಳಗೆ ನೋವನ್ನಿಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುವಾಕೆಗೆ ಚೀಲದ ಬಿಗಿತಕ್ಕಿಂತ ಬಾಯಿಯ ಬಿಗಿತವೇ ಹೆಚ್ಚು ಅಪಾಯಕರ. ಆಸೆಯು ಹುಟ್ಟುವ ಮೊದಲು ಮಗಳಿಗೆ ಅವಳ ರೂಪವು ಸಾಕೆಂಬ ಧೈರ್ಯವನ್ನು ಕೊಡುವುದು ಮನೆಯ ಕರ್ತವ್ಯ. ಆ ಕರ್ತವ್ಯವು ತಪ್ಪಿದ ಮೇಲೆ, ಅಥವಾ ತಪ್ಪದಿದ್ದರೂ ಆಸೆಯು ಗೆದ್ದ ಮೇಲೆ, ಕೇಡಿನ ದಿನ ಅವಳೊಡನೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತುಕೊಳ್ಳುವುದೂ ಮನೆಯದೇ ಕರ್ತವ್ಯ. ಮೊದಲನೆಯದನ್ನು ಮಾಡದವರು ಎರಡನೆಯದನ್ನೂ ಮಾಡದೆ ಗಾದೆಯನ್ನು ಮಾತ್ರ ಹೇಳಿದರೆ, ಆ ಗಾದೆಯ ಅರ್ಧ ಭಾಗವು ಹೇಳಿದವರಿಗೇ ಸಲ್ಲತಕ್ಕದ್ದು.

ಕರ್ಮಕ್ಕೆ ಫಲವುಂಟೆಂಬುದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಫಲವನ್ನು ಕೊಡುವ ಕೆಲಸವನ್ನು ಯಾರೂ ನೆರೆಹೊರೆಯವರಿಗೆ ಒಪ್ಪಿಸಿಲ್ಲ. ನೋವೇ ಸಾಕಷ್ಟು ಕೊಟ್ಟಾಗಿದೆ. ತಿದ್ದಿಸಿಕೊಳ್ಳಲು ಹೋಗುವುದೂ ಒಂದು ಕರ್ಮವೇ, ಅದಕ್ಕೂ ಫಲವುಂಟು. ಅದು ಸತ್ಫಲವಾಗುವಂತೆ, ತಿಳಿದು ಹೇಳುವ ವೈದ್ಯನೂ ನಿಂದಿಸದೆ ನಿಲ್ಲುವ ಬಂಧುವೂ ದೊರೆತರೆ, ಗಾಯವು ಆರುವುದು. ಕಲೆಯು ಮಾತ್ರ ಉಳಿಯುವುದು. ಕಲೆಯಿಲ್ಲದ ದೇಹವೂ ಲೋಕದಲ್ಲಿ ಅಪರೂಪವೇ ಸರಿ.